ಬಿಯಾಟ್ರಿಸ್ ವೆಬ್

ಇಂಗ್ಲೆಂಡಿನ ಸಿರಿವಂತ ರೈಲ್ವೆ ಉದ್ಯಮಿಯೊಬ್ಬರ ಒಂಬತ್ತು ಹೆಣ್ಣುಮಕ್ಕಳಲ್ಲಿ ಎಂಟನೆಯವರಾಗಿ ಬಿಯಾಟ್ರಿಸ್ 1858ರಲ್ಲಿ ಜನಿಸಿದರು. ಶಾಲಾಶಿಕ್ಷಣ ಹೆಚ್ಚಾಗಿ ದೊರೆಯಲಿಲ್ಲ. ಮನೆಯಲ್ಲಿಯೇ ಓದಿ ಕಲಿತರು. ಬಡವರ ಬದುಕನ್ನು ಬಳಿಯಿಂದ ಅರಿಯಬೇಕೆಂಬ ಹಂಬಲ ಅವರಿಗೆ. 1888ರಲ್ಲಿ ಹಳೆಯ ಉಡುಪು ತೊಟ್ಟು, ಗುರುತು ಮರೆಸಿ, ಲಂಡನ್ನಿನ ಪೂರ್ವಭಾಗದಲ್ಲಿ ಷರಾಯಿ ಹೊಲಿಯುವ ಕೂಲಿಯಾಳಾಗಿ ಸೇರಿದರು. ಅವರ ಹೊಲಿಗೆ ಅಷ್ಟೇನೂ ಚೆನ್ನಾಗಿರಲಿಲ್ಲ! ಆದರೆ ಅಲ್ಪ ಕೂಲಿಗಾಗಿ ದಿನವಿಡೀ ಬಗ್ಗಿ ದುಡಿಯುವ ಹೆಂಗಸರ ಪಾಡನ್ನು ಕಣ್ಣಾರೆ ಕಂಡರು. ಕಂಡುದನ್ನು ಬರೆದು ಪ್ರಕಟಿಸಿದರು.

1892ರಲ್ಲಿ ಅವರು ಸಿಡ್ನಿ ವೆಬ್ ಅವರನ್ನು ವಿವಾಹವಾದರು. ಅರಸರ ಕಥೆ ಬರೆಯುವವರು ಆಗ ಹಲವರಿದ್ದರು. ಕಾರ್ಮಿಕರು ಕಟ್ಟಿಕೊಂಡ ಸಂಘಗಳ ಕಥೆಯಾದರೋ ಆ ಸಂಘಗಳ ಹಳೆಯ ನಡವಳಿ ಪುಸ್ತಕಗಳಲ್ಲಿ ಅಡಗಿತ್ತು. ದಂಪತಿಗಳು ಊರೂರು ಅಲೆದು, ಅವುಗಳನ್ನೂ ನಿಯಮಾವಳಿಗಳನ್ನೂ ತಾಳ್ಮೆಯಿಂದ ಓದಿ ಟಿಪ್ಪಣಿ ಮಾಡಿಕೊಂಡರು. ಅದರ ಫಲವಾಗಿ ಕಾರ್ಮಿಕ ಸಂಘಗಳನ್ನು ಕುರಿತ ಅವರ ಇತಿಹಾಸಗ್ರಂಥ 1894ರಲ್ಲಿ ಹೊರಬಂದಿತು. ಕೂಲಿಗಾರನು ಮಾಲೀಕನ ಮುಂದೆ ಒಂಟಿಯಾಗಿ ನಿಲ್ಲದೆ, ಎಲ್ಲರೊಡಗೂಡಿ ಕೂಲಿಯ ಮಾತನಾಡುವುದಕ್ಕೆ ‘ಸಾಮೂಹಿಕ ಚೌಕಾಶಿ’ ಎಂಬ ಅರ್ಥದ ಹೆಸರನ್ನು ಬಳಕೆಗೆ ತಂದವರೂ ಬಿಯಾಟ್ರಿಸರೇ.

1943ರಲ್ಲಿ ಅವರು ನಿಧನರಾದರು. ದಂಪತಿಗಳು ಸಂಗ್ರಹಿಸಿದ ಸಂಘಗಳ ಕಾಗದಪತ್ರಗಳು, 1895ರಲ್ಲಿ ಅವರೇ ಮಿತ್ರರೊಡನೆ ಸ್ಥಾಪಿಸಿದ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಗ್ರಂಥಾಲಯದಲ್ಲಿವೆ.