ಗಂಗಾಮೂಲದಿಂದ ಕೇಡಗಾಂವಕ್ಕೆ: ಪಂಡಿತಾ ರಮಾಬಾಯಿ

ಪಂಡಿತಾ ರಮಾಬಾಯಿ 1858ರಲ್ಲಿ ಜನಿಸಿದ್ದು ಸಹ್ಯಾದ್ರಿಯ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗರೆ ಪತ್ನಿಗೆ ಸಂಸ್ಕೃತ ಕಲಿಸಿ ಸಂಪ್ರದಾಯಸ್ಥರ ಮುನಿಸಿಗೆ ಗುರಿಯಾದವರು. ಮಗಳು ಭಾಗವತ ಕಲಿತದ್ದು ಆ ತಾಯಿಯಿಂದಲೇ. ಪುರಾಣ ಹೇಳುತ್ತ ತೀರ್ಥದಿಂದ ತೀರ್ಥಕ್ಕೆ ಅಲೆದ ಕುಟುಂಬ ಕ್ಷಾಮಕ್ಕೆ ಸಿಲುಕಿತು. ಉಳಿದ ಹಣ ದಾನವ್ರತಗಳಿಗೆ ಹೋಯಿತು. ಕಾಡಿನ ಎಲೆಗಳೇ ಆಹಾರವಾದವು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿದರು. ಬಾಲ್ಯದ ಶ್ರದ್ಧೆ ಸಡಿಲಿದ್ದು ಆ ಹಸಿವಿನಲ್ಲಿ.

ಕಲ್ಕತ್ತೆಯ ವಿದ್ವಾಂಸರು ಬಿರುದು ನೀಡಿದರು. ಆದರೆ 1880ರಲ್ಲಿ ಅಣ್ಣನೂ 1882ರಲ್ಲಿ ಪತಿಯೂ ಅಗಲಿದರು. ಎಳೆಯ ಮಗಳು ಮನೋರಮೆ ಉಳಿದಳು. ಮರುವರ್ಷ ಇಂಗ್ಲೆಂಡಿನಲ್ಲಿ, ಸಮಾಜ ತಿರಸ್ಕರಿಸಿದ ಸ್ತ್ರೀಯರನ್ನು ಕ್ರೈಸ್ತ ಸನ್ಯಾಸಿನಿಯರು ಆದರಿಸುವುದನ್ನು ಕಂಡರು. ಸಮಾರ್ಯದ ಸ್ತ್ರೀಯೊಡನೆ ಯೇಸು ಸಂಭಾಷಿಸಿದ ಪ್ರಸಂಗವನ್ನು ಓದಿದರು. ಅದೇ ವರ್ಷ ದೀಕ್ಷಾಸ್ನಾನ ಪಡೆದರು. ಇದನ್ನೇ ಅವರ ಶೋಧದ ಕೊನೆಯೆಂದು ಬಗೆಯುವುದು ತಪ್ಪು. ಮತತತ್ತ್ವಗಳನ್ನು ಪ್ರಶ್ನಿಸದೆ ಒಪ್ಪುವ ಜಾಯಮಾನ ಆ ಶಾಸ್ತ್ರಿಗಳ ಮಗಳದಲ್ಲ, ಗುರುಸ್ಥಾನದಲ್ಲಿದ್ದವರೊಡನೆಯೇ ವಾದಿಸಿದರು. ಧರ್ಮ ದೊರೆತರೂ ಕ್ರಿಸ್ತನು ದೊರೆತಿಲ್ಲವೆಂಬ ಕೊರಗು ಸುಮಾರು ಎಂಟು ವರ್ಷ ಅವರನ್ನು ಕಾಡಿತು.

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮತಾಂತರದ ಆರೋಪವೆದ್ದು ಪುಣೆಯ ಹಿತೈಷಿಗಳೂ ದೂರವಾದರು. 1896–97ರ ಕ್ಷಾಮದಲ್ಲಿ ತಮ್ಮ ಹಳೆಯ ಹಸಿವನ್ನು ನೆನೆದು ಮಧ್ಯಪ್ರಾಂತ್ಯಕ್ಕೆ ಧಾವಿಸಿ, ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಪುಣೆ–ಸೊಲ್ಲಾಪುರ ರೈಲುಮಾರ್ಗದ ಕೇಡಗಾಂವದ 'ಮುಕ್ತಿ' ಅವರ ಮನೆಯಾಯಿತು. ಗುಲಬರ್ಗಾದಲ್ಲಿಯೂ ಶಾಲೆ ತೆರೆಯಿತು.

ಹೀಬ್ರೂ, ಗ್ರೀಕ್ ಕಲಿತು, ಹಳ್ಳಿಯ ಹೆಂಗಸರಿಗೂ ತಿಳಿಯುವ ಮರಾಠಿಗೆ ಬೈಬಲ್ಲನ್ನು ಅನುವಾದಿಸತೊಡಗಿದರು. ಮುಕ್ತಿಯ ಹುಡುಗಿಯರೇ ಅಚ್ಚುಮೊಳೆ ಜೋಡಿಸಿದರು. 1921ರಲ್ಲಿ ಮನೋರಮೆಯೂ ತೀರಿದಳು. ರಮಾಬಾಯಿ ಕೆಲಸ ನಿಲ್ಲಿಸಲಿಲ್ಲ. ಅನುವಾದವನ್ನು ಮುಗಿಸಿ, 1922ರ ಏಪ್ರಿಲ್ 5ರಂದು ಕಣ್ಮುಚ್ಚಿದರು.