ಕೆಸರನ್ನೇ ಹೆಪ್ಪಾಗಿಸಿದ ಫೌಲರ್

ಕೊಳಚೆ ನೀರಿನ ತಳದಲ್ಲಿ ಉಳಿಯುವ ಕೆಸರನ್ನು ಹೇಗಾದರೂ ತೊಲಗಿಸಬೇಕೆಂದೇ ನಗರಗಳು ಹೆಣಗುತ್ತಿದ್ದ ಕಾಲವದು. ಆ ಕೆಸರೇ ನೀರನ್ನು ಶುದ್ಧೀಕರಿಸಬಲ್ಲದೆಂಬುದು ಸಿದ್ಧವಾದದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ. ಅದಕ್ಕೆ ದಾರಿ ತೋರಿದ ರಸಾಯನ ವಿಜ್ಞಾನಿ ಗಿಲ್ಬರ್ಟ್ ಜಾನ್ ಫೌಲರ್ ಮುಂದೆ ಬೆಂಗಳೂರಿನಲ್ಲಿ ಪ್ರಾಧ್ಯಾಪಕರಾಗಿದ್ದರೆಂಬ ಸಂಗತಿ ಇಲ್ಲಿನವರಲ್ಲೇ ಹಲವರಿಗೆ ತಿಳಿಯದು.

1868ರಲ್ಲಿ ಜನಿಸಿದ ಫೌಲರ್ ಮ್ಯಾಂಚೆಸ್ಟರ್ ನಗರಾಡಳಿತದ ಸಲಹೆಗಾರರಾಗಿದ್ದರು. 1912ರಲ್ಲಿ ಅಮೆರಿಕಕ್ಕೆ ತೆರಳಿದಾಗ ಮ್ಯಾಸಚೂಸೆಟ್ಸ್ ರಾಜ್ಯದ ಲಾರೆನ್ಸ್ ಪ್ರಯೋಗ ಕೇಂದ್ರದಲ್ಲಿ ಕೊಳಚೆಗೆ ಗಾಳಿ ಹಾಯಿಸುವ ಪ್ರಯೋಗಗಳನ್ನು ಕಂಡರು. ಮರಳಿದವರೇ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಅವರಿಗೆ ಅದೇ ಜಾಡಿನ ಕೆಲಸ ವಹಿಸಿದರು. ಡೇವಿಹ್ಯೂಮ್ ಘಟಕದಲ್ಲಿ ಬಾಟಲಿಗಳಲ್ಲಿ ನಡೆದ ಮೊದಲ ಪ್ರಯೋಗಕ್ಕೆ ಸುಮಾರು ಐದು ವಾರ ಹಿಡಿಯಿತು. ತಿಳಿ ನೀರನ್ನು ಬಸಿದು, ಕೆಸರನ್ನು ಉಳಿಸಿಕೊಂಡು, ಹೊಸ ಕೊಳಚೆ ಸುರಿದರು. ಹಾಲಿಗೆ ಹೆಪ್ಪು ಹಾಕಿದಂತೆಯೇ ಸರಿ. ಸಲದಿಂದ ಸಲಕ್ಕೆ ಕೆಸರು ಬೆಳೆಯಿತು, ಅವಧಿ ಕುಗ್ಗಿತು. ಕೊನೆಗೆ 24 ಗಂಟೆಯೊಳಗೆ ಕೆಲಸ ಮುಗಿಯತೊಡಗಿತು. 1914ರ ಏಪ್ರಿಲ್ 3ರಂದು ಮಂಡಿತವಾದ ಪ್ರಬಂಧದ ಲೇಖಕರು ಆರ್ಡರ್ನ್ ಮತ್ತು ಲಾಕೆಟ್. ಫೌಲರ್ ಅವರ ಹೆಸರು ಲೇಖಕರ ಸಾಲಿನಲ್ಲಿಲ್ಲ.

ಈ ವಿಧಾನದಲ್ಲಿ ಗಾಳಿಗೆ ಎರಡು ಹೊಣೆ. ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಒದಗಿಸಬೇಕು, ಕೆಸರು ತಳ ಹಿಡಿಯದಂತೆ ಕಲಕುತ್ತಲೂ ಇರಬೇಕು. ಕೆಸರು ತೆಳುವಾಗಿದ್ದರೆ ಎರಡೂ ಸುಲಭ. ಮಂದವಾದಷ್ಟೂ ಜೀವಿಗಳ ಸಂಖ್ಯೆ ಹೆಚ್ಚಿ ಆಮ್ಲಜನಕದ ಬೇಡಿಕೆ ಏರುತ್ತದೆ. ಆದರೆ ಗುಳ್ಳೆಗಳು ಒಂದಕ್ಕೊಂದು ಕೂಡಿ ದೊಡ್ಡವಾಗಿ ಬೇಗನೆ ಮೇಲೇರಿಬಿಡುವುದರಿಂದ ನೀರಿಗಿಳಿಯುವ ಆಮ್ಲಜನಕ ಕಡಿಮೆಯಾಗುತ್ತದೆ. ಚಲನೆ ನಿಂತ ಮೂಲೆಯಲ್ಲಿ ಕೆಸರು ಕೊಳೆತು ನಾರುತ್ತದೆ. ಆದಕಾರಣವೇ ಮಂದ ಕೆಸರಿನ ತೊಟ್ಟಿಗಳಿಗೆ ಇಂದಿನ ಎಂಜಿನಿಯರುಗಳು ಕಲಕುವ ಶಕ್ತಿಯನ್ನೂ ಗಾಳಿಯ ಪ್ರಮಾಣವನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕುತ್ತಾರೆ. ಶುದ್ಧೀಕರಣ ಘಟಕಗಳ ವಿದ್ಯುತ್ ವೆಚ್ಚದ ದೊಡ್ಡ ಪಾಲು ಗಾಳಿಯೂಡುವುದಕ್ಕೇ ಹೋಗುತ್ತದೆ.

1916ರಲ್ಲಿ ಫೌಲರ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ನದಿಯ ರಕ್ಷಣೆಯಷ್ಟೇ ಮುಖ್ಯವಾಗಿ ಅವರಿಗೆ ಇಲ್ಲಿ ಕಂಡದ್ದು ಮಣ್ಣಿನ ಹಸಿವು. ಕೊಳಚೆಯೊಂದಿಗೆ ಹರಿದುಹೋಗುವ ಸಾರಜನಕ ಹೊಲಕ್ಕೆ ಮರಳಬೇಕೆಂಬ ಹಟ ಅವರದಾಯಿತು. ರೇಗೆ ಅವರೊಡನೆ 1920ರ ದಶಕದಲ್ಲಿ ರೂಪಿಸಿದ ಸಕ್ರಿಯ ಕಾಂಪೋಸ್ಟ್ ವಿಧಾನದಲ್ಲಿ, ಹದಗೊಂಡ ಗೊಬ್ಬರವೇ ಹೊಸ ಕಸಕ್ಕೆ ಹೆಪ್ಪು. ಮ್ಯಾಂಚೆಸ್ಟರಿನ ಬಾಟಲಿಯ ಸೂತ್ರ ತಿಪ್ಪೆಗೆ ಇಳಿದಿತ್ತು. ಅಲ್ಲಿಯೂ ರಾಶಿಯನ್ನು ಮಗುಚಿ ಗಾಳಿಯಾಡಿಸಲೇಬೇಕಿತ್ತು.

ಮುಂದೆ ಕಾನ್ಪುರದ ಹಾರ್ಕೋರ್ಟ್ ಬಟ್ಲರ್ ತಾಂತ್ರಿಕ ಸಂಸ್ಥೆಯ ಪ್ರಾಂಶುಪಾಲರಾಗಿಯೂ ದುಡಿದ ಅವರು, ಸಾರಜನಕದ ಸಂರಕ್ಷಣೆ ಕುರಿತ ಗ್ರಂಥವನ್ನು 1934ರಲ್ಲಿ ಹೊರತಂದರು. 1953ರಲ್ಲಿ ನಿಧನರಾದರು.