ವಾಣಿವಿಲಾಸದ ಮಹಾರಾಣಿ

ಕಡೂರಿನ ನಾನಿ ಮನೆಗೆ ಹೋದಾಗಲೆಲ್ಲ ವೇದಾವತಿ ಹೊಳೆ ನೋಡಿದ್ದೇನೆ. ಬೇಸಿಗೆಯಲ್ಲಿ ಬರೀ ಮರಳು. ಇದೇ ಹೊಳೆಗೆ ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ಅಣೆಕಟ್ಟು ಕಟ್ಟಿದ್ದಾರೆ. ಹೆಸರು ವಾಣಿವಿಲಾಸ ಸಾಗರ. ಅದು ಯಾರ ಹೆಸರೆಂದು ನಾನು ಹುಡುಕಿ ಓದಿದ್ದು ಈ ವರ್ಷ.

ಅವರು ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ. ಹುಟ್ಟಿದ್ದು 1866ರಲ್ಲಿ. 1878ರಲ್ಲಿ ಹತ್ತನೇ ಚಾಮರಾಜ ಒಡೆಯರೊಂದಿಗೆ ಮದುವೆಯಾದಾಗ ಅವರಿಗೆ 12 ವರ್ಷ. ಪತಿಯ ಕಾಲದಲ್ಲಿ, 1881ರಲ್ಲಿ, ಮೈಸೂರಿನಲ್ಲಿ ಹುಡುಗಿಯರಿಗಾಗಿ ಮಹಾರಾಣಿ ಶಾಲೆ ಶುರುವಾಯಿತು. ಮುಂದೆ ಅದೇ ಕಾಲೇಜಾಯಿತು. 8 ವರ್ಷದೊಳಗಿನ ಹೆಣ್ಣುಮಕ್ಕಳಿಗೆ ಮದುವೆ ಮಾಡಬಾರದೆಂಬ ಕಾನೂನು ಬಂದದ್ದು 1894ರಲ್ಲಿ. ಎಂಟು ವರ್ಷ! ಅದಕ್ಕೂ ಆಗ ವಿರೋಧವಿತ್ತು.

ಅದೇ ಡಿಸೆಂಬರಿನಲ್ಲಿ ಮಹಾರಾಜರು ಕಲ್ಕತ್ತದಲ್ಲಿ ಗಂಟಲಮಾರಿಯಿಂದ ತೀರಿಕೊಂಡರು. ರಾಣಿಗೆ 28 ವರ್ಷ, ಮಗ ಕೃಷ್ಣರಾಜನಿಗೆ 10. 1895ರಿಂದ 1902ರವರೆಗೆ ರೀಜೆಂಟ್ ಆಗಿ ರಾಜ್ಯ ನಡೆಸಿದವರು ಅವರೇ. ನಮ್ಮ ಜಿಲ್ಲೆಗೆ ಆಗ ಕಡೂರು ಜಿಲ್ಲೆ ಎಂದೇ ಹೆಸರು. 1897ರಲ್ಲಿ ಮಗಳ ಮದುವೆಯ ಹೊತ್ತಿಗೇ ಅರಮನೆಗೆ ಬೆಂಕಿ ಬಿತ್ತು. ಮರುವರ್ಷ ಬೆಂಗಳೂರಿಗೆ ಪ್ಲೇಗ್ ಬಂತು. ಮಾರಿಕಣಿವೆ ಕೆಲಸ ಶುರುವಾದದ್ದೂ ಆಗಲೇ. 1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯಿತು.

ಆದರೆ ಕರೆಂಟೆಂದರೆ ನಮಗೆ ನೆನಪಾಗುವವರು ದಿವಾನ್ ಶೇಷಾದ್ರಿ ಅಯ್ಯರ್. ಅವರ ದುಡಿಮೆಯೂ ದೊಡ್ಡದೇ. ಆಮೇಲಿನದಕ್ಕೆಲ್ಲ ಮಗನ ಹೆಸರು. ನಡುವಿನ ಏಳು ವರ್ಷ ಯಾರ ಲೆಕ್ಕದಲ್ಲಿವೆ?

ಲೆಕ್ಕ ಎಂದಾಗ ನನಗೆ ಅರ್ಥಶಾಸ್ತ್ರದ ಪಾಠ ನೆನಪಾಗುತ್ತದೆ. ಸಂಬಳವಿಲ್ಲದ ಮನೆಗೆಲಸ ರಾಷ್ಟ್ರೀಯ ಆದಾಯದಲ್ಲಿ ಸೇರುವುದಿಲ್ಲ. ನಮ್ಮ ಮನೆಯ ಲೆಕ್ಕ ಅದಕ್ಕಿಂತ ವಿಚಿತ್ರ. ಅಜ್ಜಂಪುರದಲ್ಲಿ ಅಡಿಕೆ ಸುಗ್ಗಿ ಬಂದರೆ ಅಮ್ಮಿ ಬೆಳಗಿನ ಜಾವವೇ ಮೆಟ್ಟುಗತ್ತಿಯ ಮುಂದೆ ಕೂರುತ್ತಾರೆ. ಕೆಜಿ ಲೆಕ್ಕದಲ್ಲಿ ಕೂಲಿ. ಎಸ್ಸೆಸ್ಸೆಲ್ಸಿ ಪಾಸಾದ ಆಪಾ ಕೂಡ ಓದು ಬಿಟ್ಟು ಜೊತೆಗೆ ಹೋಗುತ್ತಾಳೆ. ಶಿವಮೊಗ್ಗದಲ್ಲಿ ಡಿಪ್ಲೊಮಾ ಓದುವ ಭಾಯಿಯ ಫೀಸು ಆ ಹಣದಿಂದಲೇ. ಆದರೂ ತರೀಕೆರೆಯಲ್ಲಿ ಕಾಲೇಜಿಗೆ ಸೇರುವಾಗ ತಾಯಿಯ ಉದ್ಯೋಗ ಎಂಬಲ್ಲಿ ನಾನು ಗೃಹಿಣಿ ಎಂದು ಬರೆದಿದ್ದೆ.

1902ರ ಆಗಸ್ಟಿನಲ್ಲಿ ಮಹಾರಾಣಿ ರಾಜ್ಯವನ್ನು 18 ವರ್ಷದ ಮಗನಿಗೆ ಒಪ್ಪಿಸಿದರು. ಅಣೆಕಟ್ಟು ಮುಗಿದದ್ದು 1907ರಲ್ಲಿ. ಅವರು 1934ರಲ್ಲಿ ತೀರಿಕೊಂಡರು. ಬೆಂಗಳೂರಿನ ಹೆರಿಗೆ ಆಸ್ಪತ್ರೆಗೂ ಅವರದೇ ಹೆಸರಿದೆ.

ಈ ಸಲ ಸ್ಕಾಲರ್‌ಶಿಪ್ ಫಾರಂನಲ್ಲಿ ಅಡಿಕೆ ಸುಲಿಯುವ ಕೆಲಸ ಎಂದು ಬರೆದೆ. ಅಬ್ಬು ಓದಿ ಸುಮ್ಮನಾದರು. ಅಮ್ಮಿ ಮಾತ್ರ ಅದನ್ನು ಅಳಿಸಲು ಹೇಳಿದರು. ನಾನಿನ್ನೂ ಅಳಿಸಿಲ್ಲ.